ಬ್ರೆಕ್ಸಿಟ್‌ಗೆ ಓಟು ಹಾಕಿದ ಗೆಳೆಯ ತಪ್ಪು ಒಪ್ಪಿಕೊಳ್ಳಲಿ ಅಂತ ಕಾಯ್ತಿದ್ದೀರಾ? ಕಾಯಬೇಡಿ

ಹದಿನೈದು ವರ್ಷದ ಗೆಳೆಯ 2016ರ ಜನಮತಗಣನೆಯಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಲಿ ಅನ್ನುವ ಲೀವ್‌ಗೆ ಓಟು ಹಾಕಿದ, ಈಗ ಒಳಗೊಳಗೇ ಪಶ್ಚಾತ್ತಾಪ ಪಡ್ತಿದ್ದಾನೆ, ಆದರೆ ಎಷ್ಟು ಫಾರ್ವರ್ಡ್ ಕಳಿಸಿದರೂ ಬಾಯಿಬಿಟ್ಟು ಹೇಳಲ್ಲ, ಹೇಳಿಸೋದು ಹೇಗೆ ಅಂತ ಕೇಳಿದ್ದೀರಿ. ಓದಿದಾಗ ಲಂಡನ್ ಪಕ್ಕದ ನಮ್ಮ ಸ್ಲೌ ಊರಿನ ಕನ್ನಡಿಗರ ಹಳೇ ವಾಟ್ಸಾಪ್ ಗ್ರೂಪನ್ನೇ ಮತ್ತೆ ತೆರೆದ ಹಾಗಾಯಿತು. ನನ್ನ ಉತ್ತರ ಇಷ್ಟೇ: ಹೇಳಿಸಬೇಡಿ. ಯಾಕೆ ಅನ್ನೋದಕ್ಕೆ ಆ ಗ್ರೂಪಿನ ಇಬ್ಬರ ವಿಷಯ ಹೇಳಬೇಕು. ಹೆಸರು ಬೇಡ. ಒಬ್ಬರು ಮಂಡ್ಯದವರು, ಇನ್ನೊಬ್ಬರು ದಾವಣಗೆರೆಯವರು.

ಮಂಡ್ಯದವರು ರಿಮೇನ್, ಅಂದರೆ ಒಕ್ಕೂಟದಲ್ಲೇ ಇರೋಣ ಅನ್ನುವವರು. ದಾವಣಗೆರೆಯವರು ಲೀವ್. ಇಬ್ಬರದೂ ಆಗಿನ್ನೂ ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ವಾಸವಿದ್ದರೆ ಆ ಜನಮತಗಣನೆಯಲ್ಲಿ ಓಟು ಇತ್ತು. ಇಪ್ಪತ್ತು ವರ್ಷದಿಂದ ಇಲ್ಲೇ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನವರಿಗೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದಾವಣಗೆರೆಯವರು ಲೀವ್ ಅಂದಿದ್ದಕ್ಕೆ ಮಂಡ್ಯದವರು ಕಟ್ಟಿಕೊಂಡ ಕಾರಣ, 'ಕೆಂಪು ಬಸ್ ನೋಡಿ ಮೋಸ ಹೋದ'. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗ್ತಿದೆ, ಅದನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಕೊಡೋಣ ಅಂತ ಬರೆದಿದ್ದ ಬಸ್ಸು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿ ಕಳೆಯದೆ ಹೇಳಿದ ಲೆಕ್ಕ ಅದು. ಅಂಕಿಅಂಶ ಪ್ರಾಧಿಕಾರವೇ ದಾರಿ ತಪ್ಪಿಸುವಂಥದ್ದು ಅಂದಿತ್ತು. ಆದರೆ ದಾವಣಗೆರೆಯವರಿಗೂ ಆ ಬಸ್ಸಿಗೂ ಸಂಬಂಧವೇ ಇರಲಿಲ್ಲ. ಅವರ ಕಾರಣ ಅವರಮ್ಮ.

2012ರ ಜುಲೈಯಲ್ಲಿ ವಯಸ್ಸಾದ ತಂದೆ ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ನಿಯಮ ಬಿಗಿಯಾಯಿತು. ಆಮೇಲೆ ಅಮ್ಮನನ್ನು ಖಾಯಂ ಆಗಿ ಕರೆತರಬೇಕಾದರೆ, ದಿನನಿತ್ಯದ ಕೆಲಸಕ್ಕೂ ಅವರಿಗೆ ಇನ್ನೊಬ್ಬರ ಆಸರೆ ಬೇಕು, ಆ ಆಸರೆ ಮಗ ದುಡ್ಡು ಕಳಿಸಿದರೂ ಭಾರತದಲ್ಲಿ ಸಿಗಲ್ಲ ಅಂತ ಸಾಬೀತು ಮಾಡಬೇಕು. ದುಡ್ಡಿಲ್ಲದ ಮಗ ಸಾಕ್ತೀನಿ ಅಂತ ತೋರಿಸಲಾರ. ದುಡ್ಡಿರುವ ಮಗನಿಗೆ 'ಊರಲ್ಲೇ ಆಳಿಟ್ಟು ನೋಡಿಕೊಳ್ಳಪ್ಪ' ಅನ್ನುವ ಉತ್ತರ. ಅದೇ ಬೀದಿಯ ಪೋಲೆಂಡಿನವರು ಯುರೋಪ್ ಒಕ್ಕೂಟದ ನಿಯಮದಡಿ ತಮ್ಮನ್ನು ನೆಚ್ಚಿಕೊಂಡ ತಾಯಿಯನ್ನು ಇಷ್ಟೆಲ್ಲ ಪರೀಕ್ಷೆ ಇಲ್ಲದೆ ಕರೆತರಬಹುದಿತ್ತು. ಇದನ್ನು ದಿನಾ ನೋಡಿದ ಮನುಷ್ಯನಿಗೆ 'ಎಲ್ಲ ದೇಶದವರಿಗೂ ಒಂದೇ ನಿಯಮ' ಅಂದವರ ಮಾತು ಹಿಡಿಸಿತು. ನಮ್ಮ ಕಡೆಯ ಊಟದ 'ಕರಿ' ಹೋಟೆಲಿನವರಿಗೂ ಹಾಗೇ ಆಯಿತು: ಯುರೋಪಿನಿಂದ ಹೊರಬಂದರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಲೀಸಾಗುತ್ತೆ ಅಂತ ಲೀವ್ ಕಡೆಯ ಆಗಿನ ಮಂತ್ರಿ ಪ್ರೀತಿ ಪಟೇಲ್ ಅವರಂಥವರು ಪ್ರಚಾರ ಮಾಡಿದ್ದರು. ಲಾರ್ಡ್ ಆಶ್‌ಕ್ರಾಫ್ಟ್ ಸಮೀಕ್ಷೆ ಪ್ರಕಾರ ಇಲ್ಲಿನ ಏಷ್ಯನ್ ಮೂಲದವರಲ್ಲಿ ಮೂವರಲ್ಲೊಬ್ಬರು ಲೀವ್‌ಗೆ ಹಾಕಿದರು. ಅವರನ್ನೆಲ್ಲ ದಡ್ಡರು ಅನ್ನೋದು ಸುಲಭ. ಅವರ ದೂರು ನಿಜ, ಹುಡುಕಿದ ಮದ್ದು ತಪ್ಪು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲಾಗದಿದ್ದರೆ ನಿಮ್ಮ ಗೆಳೆಯನ ಹತ್ತಿರ ಮಾತು ಶುರು ಮಾಡಲೇಬೇಡಿ.

ಇನ್ನು ಆ ಸ್ನೇಹವನ್ನು ಕೆಡಿಸಿದ ತಪ್ಪಿಗೆ ಬರ್ತೀನಿ. ಓಟು ಅದನ್ನು ಕೆಡಿಸಲಿಲ್ಲ. ಫಲಿತಾಂಶ ಬಂದ ದಿನದ ಜಗಳ ಒಂದು ವಾರದಲ್ಲಿ ತಣ್ಣಗಾಗಿತ್ತು. ಕೆಡಿಸಿದ್ದು ಮಂಡ್ಯದವರ ಫಾರ್ವರ್ಡ್. ಫ್ರಾನ್ಸಿಗೆ ಹಡಗು ಹತ್ತುವ ಕೆಂಟ್‌ನಲ್ಲಿ ಲಾರಿ ಸಾಲು ನಿಂತರೆ ಒಂದು ವಿಡಿಯೋ. 2021ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್ ಬಂಕುಗಳಲ್ಲಿ 'ಸ್ಟಾಕ್ ಇಲ್ಲ' ಬೋರ್ಡು ಬಿದ್ದಾಗ ಒಂದು ಫೋಟೋ. ಕೆಳಗೆ ಪ್ರತಿ ಸಲ ಒಂದೇ ಸಾಲು: 'ನಿಮ್ಮ ಓಟಿನ ಪ್ರಸಾದ, ಸ್ವೀಕರಿಸಿ'. ಗ್ರೂಪಿನಲ್ಲಿ ನಗುವ ಎಮೋಜಿಗಳ ಸುರಿಮಳೆ.

ಇದರಲ್ಲಿ ಏನು ತಪ್ಪು, ತಮಾಷೆ ತಾನೇ ಅನ್ನಬಹುದು ನೀವು. ಮೂರು ಕಡೆ ಕೆಡುತ್ತೆ, ಬಿಡಿಸಿ ಹೇಳ್ತೀನಿ.

ಒಂದು, ನೋಡುವವರು ಇದ್ದಾರೆ. ಅನುಮಾನ ಶುರುವಾದ ಮನುಷ್ಯನಿಗೆ ಮಾತು ಬದಲಿಸಲು ಯಾರೂ ನೋಡದ ಜಾಗ ಬೇಕು. ನಲವತ್ತು ಜನರ ಎದುರು 'ಹೌದು, ತಪ್ಪಾಯಿತು' ಅನ್ನುವವರು ಎಲ್ಲಿದ್ದಾರೆ ಸ್ವಾಮಿ?

ಎರಡು, ಕಳಿಸಿದ ಸುದ್ದಿಯೇ ಅರ್ಧ ಟೊಳ್ಳಾಗಿರುತ್ತೆ. ಪೆಟ್ರೋಲ್ ಕೊರತೆಗೆ ಲಾರಿ ಡ್ರೈವರ್‌ಗಳು ಸಾಲದ್ದು ಕಾರಣ, ಅದರಲ್ಲಿ ಬ್ರೆಕ್ಸಿಟ್‌ನ ಪಾಲು ಇತ್ತು. ಆದರೆ ಕೋವಿಡ್‌ನಿಂದ ಲೈಸೆನ್ಸ್ ಪರೀಕ್ಷೆಗಳು ನಿಂತುಹೋಗಿದ್ದೂ ಕಾರಣ, ಜನ ಗಾಬರಿಬಿದ್ದು ಟ್ಯಾಂಕ್ ತುಂಬಿಸಿಕೊಂಡಿದ್ದೂ ಕಾರಣ. 2023ರ ಫೆಬ್ರುವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳು ಟೊಮೆಟೊ, ಸೌತೆಕಾಯಿ ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದಾಗ ಮಂಡ್ಯದವರು ಖಾಲಿ ಕ್ರೇಟಿನ ಫೋಟೋ ಹಾಕಿ 'ಸಾರಿಗೂ ಕಲ್ಲು ಹಾಕಿದ್ರಿ' ಅಂದರು. ದಾವಣಗೆರೆಯವರು ಕಾಯುತ್ತಿದ್ದದ್ದೇ ಅದಕ್ಕೆ. ಸ್ಪೇನ್, ಮೊರಾಕ್ಕೊದಲ್ಲಿ ಚಳಿ ಬಿದ್ದು ಬೆಳೆ ಹಾಳಾಗಿದೆ, ಇಲ್ಲಿನ ಗಾಜಿನಮನೆ ರೈತರು ಕರೆಂಟು, ಗ್ಯಾಸಿನ ದರ ತಾಳಲಾರದೆ ಬಿತ್ತನೆಯನ್ನೇ ಕಡಿಮೆ ಮಾಡಿದ್ದಾರೆ ಅಂತ ಬರೆದರು. ಹೇಳಿದ್ದರಲ್ಲಿ ಬಹುಪಾಲು ಸರಿಯೇ ಇತ್ತು. ಬರೆದು ಗ್ರೂಪಿನಿಂದ ಹೊರಗೆ ಹೋದರು. ಅಷ್ಟು ವರ್ಷದ ಸ್ನೇಹ ಟೊಮೆಟೊ ವಿಷಯಕ್ಕೆ ಹೋಯಿತು.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಯಾರಾದರೂ ಕುಟುಕಿದಾಗ ಮನುಷ್ಯ ತನ್ನನ್ನು ಸಮರ್ಥಿಸಿಕೊಳ್ಳಲು ಕಾರಣ ಹುಡುಕುತ್ತಾನೆ. ಹುಡುಕಿದ ಕಾರಣವನ್ನು ನಾಲ್ಕು ಸಲ ಹೇಳಿದರೆ ಅದನ್ನು ತಾನೇ ನಂಬುತ್ತಾನೆ. ಹಾಗೆ, ಸಡಿಲಾಗುತ್ತಿದ್ದ ನಿಲುವು ಪ್ರತಿ ಫಾರ್ವರ್ಡಿಗೂ ಒಂದು ಸುತ್ತು ಬಿಗಿಯಾಯಿತು. ದಾವಣಗೆರೆಯವರು ಆ ಹೊತ್ತಿಗಾಗಲೇ ಸಡಿಲಾಗಿದ್ದರು ಅನ್ನೋದು ಮಂಡ್ಯದವರಿಗೆ ಗೊತ್ತೇ ಇರಲಿಲ್ಲ.

ಯಾವಾಗ ಸಡಿಲಾದರು? 2019ರಲ್ಲಿ. ಇಲ್ಲಿದ್ದ ಯುರೋಪಿನವರೆಲ್ಲ ಬ್ರೆಕ್ಸಿಟ್ ಆದ ಮೇಲೂ ಇಲ್ಲೇ ಇರಲು ಸೆಟಲ್ಡ್ ಸ್ಟೇಟಸ್ ಅನ್ನುವ ಅನುಮತಿಗೆ ಅರ್ಜಿ ಹಾಕಬೇಕಾಗಿ ಬಂತು. ಮೊದಲು 65 ಪೌಂಡ್ ಫೀಸು ಅಂದಿದ್ದರು, ಆ ವರ್ಷ ಜನವರಿಯಲ್ಲಿ ಕೈಬಿಟ್ಟರು. ಅರ್ಜಿಯ ಆ್ಯಪ್ ಶುರುವಿನಲ್ಲಿ ಆಂಡ್ರಾಯ್ಡ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಐಫೋನಿಗೆ ಬಂದಿದ್ದು ಅಕ್ಟೋಬರಿನಲ್ಲಿ. ದಾವಣಗೆರೆಯವರ ಪಕ್ಕದ ಮನೆಯ ಪೋಲೆಂಡಿನ ದಂಪತಿಯ ಬಳಿ ಇದ್ದದ್ದು ಐಫೋನ್. ಬಂದು ಇವರ ಫೋನು ಕೇಳಿದರು. ಇವರೇ ಅಡುಗೆಮನೆ ಟೇಬಲ್ ಮೇಲೆ ಪಾಸ್‌ಪೋರ್ಟಿನ ಫೋಟೋ ಪುಟ ಸ್ಕ್ಯಾನ್ ಮಾಡಿ, ಚಿಪ್ ಓದುವ ತನಕ ಫೋನನ್ನು ಪಾಸ್‌ಪೋರ್ಟಿಗೆ ಒತ್ತಿ ಹಿಡಿದು, ಆಮೇಲೆ ಅವರ ಮುಖದ ಮೇಲೆ ಬಣ್ಣಬಣ್ಣದ ಬೆಳಕು ಮಿನುಗಿಸುವ ಸ್ಕ್ಯಾನನ್ನೂ ಮುಗಿಸಿಕೊಟ್ಟರಂತೆ. ಓಟಿಲ್ಲದವರು ಅವರು, ಓಟು ಹಾಕಿದವರು ಇವರು. ಇದನ್ನು ಯಾರಿಗೂ ಹೇಳಲಿಲ್ಲ. ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಅವರ ಮನೆಯವರಿಂದ.

ಪಶ್ಚಾತ್ತಾಪ ಬಹಳ ಸಲ ಹೀಗೇ ಇರುತ್ತೆ, ಮಾತಾಗಿ ಬರಲ್ಲ. ನೀವು ಕಾಯುತ್ತಿರುವ 'ಸಾರಿ ಕಣೋ' ಸಮೀಕ್ಷೆಯ ಲೆಕ್ಕದಲ್ಲೂ ಅಪರೂಪದ್ದೇ. ಯೂಗವ್ ಸಮೀಕ್ಷೆಗಳಲ್ಲಿ ಬ್ರೆಕ್ಸಿಟ್ ತಪ್ಪು ಅನ್ನುವವರು ಕೆಲವು ವರ್ಷಗಳಿಂದ ಅರ್ಧಕ್ಕಿಂತ ಹೆಚ್ಚು. ಆದರೆ ಲೀವ್‌ಗೆ ಹಾಕಿದವರಲ್ಲೇ ತಪ್ಪು ಅನ್ನುವವರು ಸುಮಾರು ಐವರಲ್ಲಿ ಒಬ್ಬರು. ದೇಶದ ಒಟ್ಟು ಅಭಿಪ್ರಾಯ ಬದಲಾಗಿದ್ದರಲ್ಲಿ 2016ರಲ್ಲಿ ಓಟೇ ಹಾಕದವರ, ಆಮೇಲೆ ಹದಿನೆಂಟು ತುಂಬಿದವರ ಪಾಲು ದೊಡ್ಡದು. ಉಳಿದ ಲೀವ್‌ನವರಲ್ಲಿ ಬಹಳ ಜನ ಹೇಳೋದು 'ಓಟು ಸರಿಯಿತ್ತು, ಸರ್ಕಾರ ಕೆಡಿಸಿತು' ಅಂತ. ನಿಮ್ಮ ಗೆಳೆಯ ಹಾಗಂದರೆ ನುಣುಚಿಕೊಳ್ಳುತ್ತಿದ್ದಾನೆ ಅಂದುಕೊಳ್ಳಬೇಡಿ. ಅವನ ಮಟ್ಟಿಗೆ ಅದೇ ಒಪ್ಪಿಗೆ. ಅಲ್ಲಿಗೆ ಬಿಡಿ.

ಈಗ ನೀವು ಮಾಡಬೇಕಾದ್ದು. ಗ್ರೂಪಿನಲ್ಲಿ ಈ ವಿಷಯ ಪೂರ್ತಿ ನಿಲ್ಲಿಸಿ, ಲೈಕು ಒತ್ತೋದೂ ಬೇಡ. ಇಬ್ಬರೇ ಸಿಗಿ, ಎದುರುಬದುರು ಕೂರುವ ಊಟಕ್ಕೆ ಬೇಡ, ನಡೆಯಲು ಹೋಗಿ ಅಥವಾ ಕಾರಿನಲ್ಲಿ ಎಲ್ಲಾದರೂ ಹೊರಡಿ. ಮುಖ ನೋಡದೆ ಮಾತಾಡುವಾಗ ಮೌನ ಭಾರವಾಗಲ್ಲ. ಲಂಡನ್ ಹತ್ತಿರವಿದ್ದರೆ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಕಡೆ ಒಂದು ಸುತ್ತು ಹೋಗಬಹುದು. (ಆ ಪ್ರತಿಮೆ ಇರುವ ಲ್ಯಾಂಬೆತ್‌ನಲ್ಲಿ ಶೇ. 78.6 ರಿಮೇನ್, ನಮ್ಮ ಸ್ಲೌನಲ್ಲಿ ಶೇ. 54.3 ಲೀವ್. ರೈಲಿನಲ್ಲಿ ಗಂಟೆಯ ದಾರಿಯಿಲ್ಲ, ಬೇರೆ ದೇಶವೇ ಅನ್ನಿ.) ಜೊತೆಗೆ ಹೆಂಡತಿ ಮಕ್ಕಳು ಇದ್ದಾಗ ತೆಗೆಯಲೇಬೇಡಿ. ಮಕ್ಕಳ ಎದುರು ಸೋಲಲು ಯಾವ ಅಪ್ಪನೂ ಒಪ್ಪಲ್ಲ.

'ಯಾಕೆ ಹಾಗೆ ಮಾಡಿದೆ?' ಅಂದರೆ ಪೊಲೀಸ್ ವಿಚಾರಣೆ ಆಗುತ್ತೆ. 'ಆಗ ಏನಾಗಲಿ ಅಂತ ಆಸೆಯಿತ್ತು ನಿಂಗೆ?' ಅನ್ನಿ. ಉತ್ತರ ಬಂದ ಮೇಲೆ ಅದರ ಬಗ್ಗೆಯೇ ಇನ್ನೊಂದು ಪ್ರಶ್ನೆ ಕೇಳಿ, ನಿಮ್ಮ ವಾದ ಜೇಬಿನಲ್ಲೇ ಇರಲಿ. ಇಪ್ಪತ್ತು ನಿಮಿಷಕ್ಕೆ ವಿಷಯ ಬದಲಿಸಿ. ಒಂದೇ ಸಲಕ್ಕೆ ಮುಗಿಸಲು ಹೋದವರು ಜಗಳದಲ್ಲೇ ಮುಗಿಸುತ್ತಾರೆ.

ಹೋಗುವ ಮುಂಚೆ ನಿಮ್ಮ ರಿಮೇನ್ ಕಡೆಯವರು ಎಡವಿದ್ದನ್ನೂ ಓದಿಕೊಳ್ಳಿ. ಲೀವ್ ಗೆದ್ದರೆ ಕೂಡಲೇ ಆರ್ಥಿಕ ಹಿಂಜರಿತ, ಸುಮಾರು 5 ಲಕ್ಷ ಜನ ಕೆಲಸ ಕಳೆದುಕೊಳ್ಳುತ್ತಾರೆ ಅಂತ 2016ರ ಮೇನಲ್ಲಿ ಹಣಕಾಸು ಇಲಾಖೆ ಹೆದರಿಸಿತ್ತು. ಹಾಗಾಗಲಿಲ್ಲ. ನಷ್ಟ ಆದದ್ದು ನಿಧಾನವಾಗಿ. ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4ರಷ್ಟು ಕಡಿಮೆಯಾಗುತ್ತೆ ಅನ್ನೋದು ಸರ್ಕಾರದ ಬಜೆಟ್ ಅಂದಾಜು ಸಂಸ್ಥೆ ಒಬಿಆರ್‌ನ ಲೆಕ್ಕ. ಇನ್ನೊಂದು: 2021ರ ನಂತರದ ನಿಯಮಗಳಲ್ಲಿ ಬೆಂಗಳೂರಿನ ಟೆಕ್ಕಿಗಳಿಗೆ, ಓದಲು ಬಂದ ಹುಡುಗರಿಗೆ ಒಂದಷ್ಟು ಬಾಗಿಲು ತೆರೆದದ್ದು ನಿಜ. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ಗ್ರ್ಯಾಜುಯೇಟ್ ವೀಸಾ ಶುರುವಾಗಿದ್ದು ಆ ವರ್ಷ ಜುಲೈಯಲ್ಲೇ. ಅವನು ಇದನ್ನು ತೆಗೆದರೆ 'ಹೌದು' ಅನ್ನಿ. 'ಆದರೆ' ಸೇರಿಸಬೇಡಿ.

ಅವನ ದೂರೂ ದಾವಣಗೆರೆಯವರ ಥರದ್ದೇ ಆಗಿದ್ದರೆ, ಅದಕ್ಕೆ ಮದ್ದು ಸಿಗಲಿಲ್ಲ ಅನ್ನೋದನ್ನು ನೀವು ಹೇಳಬೇಕಾಗಿಲ್ಲ, ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ತಂದೆ ತಾಯಿಯ ನಿಯಮ ಒಂದಿಂಚೂ ಸಡಿಲಾಗಲಿಲ್ಲ. ಯುರೋಪಿನಿಂದ ಹೊಸದಾಗಿ ಬರುವವರಿಗೂ ಅದೇ ಕಷ್ಟ ಬಂತು, ಅಷ್ಟೇ. ಗಂಡ ಹೆಂಡತಿ ವೀಸಾದ ಆದಾಯ ಮಿತಿ 18,600 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 29,000 ಆಯಿತು. ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ 2015ರಲ್ಲಿ ವರ್ಷಕ್ಕೆ 200 ಪೌಂಡ್ ಇತ್ತು, ಈಗ 1,035. ಅಡುಗೆಯವರ ವೀಸಾ ಕೆಲವು ವರ್ಷ ತೆರೆದಿತ್ತು, 2025ರ ಜುಲೈಯಲ್ಲಿ ಅದನ್ನೂ ಮುಚ್ಚಿದರು.

ಮಂಡ್ಯದವರು ಕೊನೆಗೆ ಫೋನ್ ಮಾಡಿದಾಗ ಕೇಳಿದ್ದು ಒಂದೇ: 'ಅಮ್ಮನ ವೀಸಾ ಏನಾಯ್ತು?' ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಈಗಲೂ ಅಮ್ಮ ವಿಸಿಟರ್ ವೀಸಾದಲ್ಲೇ ಬರೋದು, ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು. ಬ್ರೆಕ್ಸಿಟ್ ಅನ್ನೋ ಪದ ಇಬ್ಬರೂ ಎತ್ತಲಿಲ್ಲ. ಮೊದಲಿನ ಸಲಿಗೆ ಬಂದಿಲ್ಲ. ಹಬ್ಬಕ್ಕೆ ಕರೀತಾರೆ, ಹೋಗ್ತಾರೆ.

ಒಂದು ಪಕ್ಷ ನಿಮ್ಮ ಗೆಳೆಯ ಬಾಯಿಬಿಟ್ಟು 'ತಪ್ಪಾಯ್ತು' ಅಂದೇಬಿಟ್ಟರೆ? 'ಹ್ಞೂಂ' ಅಂದು ಮುಂದಕ್ಕೆ ಹೋಗಿ. 'ನಾನಾಗಲೇ ಹೇಳಿರ್ಲಿಲ್ವಾ' ಬೇಡ. ಮನೆಗೆ ಬಂದು ಇನ್ನೊಬ್ಬ ಗೆಳೆಯನಿಗೆ ಹೇಳೋದಂತೂ ಬೇಡವೇ ಬೇಡ. ನಿಮ್ಮ ನಂಬಿ ಹೇಳಿದ ಮಾತು ಗ್ರೂಪಿಗೆ ಬಂದರೆ ಆಮೇಲೆ ಯಾವ ಫೋನೂ ಅದನ್ನು ಸರಿ ಮಾಡಲ್ಲ.

ಬಿಟ್ಟೇಬಿಡಬೇಕಾದ ಸ್ನೇಹವೂ ಇದೆ. ಜನಮತಗಣನೆಯ ಮರುತಿಂಗಳು, 2016ರ ಜುಲೈಯಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ ಪೊಲೀಸರಲ್ಲಿ ದಾಖಲಾದ ಜನಾಂಗ, ಧರ್ಮದ್ವೇಷದ ಅಪರಾಧಗಳು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 41ರಷ್ಟು ಹೆಚ್ಚಿದ್ದವು. ಪೋಲೆಂಡಿನವರನ್ನೋ, ಬೀದಿಯಲ್ಲಿ ನಿಮ್ಮ ಹೆಂಡತಿಯನ್ನೋ 'ನಿಮ್ಮ ದೇಶಕ್ಕೆ ಹೋಗಿ' ಅಂದದ್ದನ್ನು ನಿಮ್ಮ ಗೆಳೆಯ ತಮಾಷೆ ಅಂತ ಹಂಚಿಕೊಂಡಿದ್ದರೆ ಮೇಲೆ ಬರೆದದ್ದು ಯಾವುದೂ ಅವನಿಗಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಒಂದು ಓಟು, ಆಮೇಲೆ ನೀವು ಕಳಿಸಿದ ಫಾರ್ವರ್ಡುಗಳು, ಅಷ್ಟೇ ಇರೋದು. ಮೊದಲು ನಿಮ್ಮ ಚಾಟ್ ಮೇಲಕ್ಕೆ ಎಳೆದು, ಈ ವಿಷಯದಲ್ಲಿ ನೀವು ಕಳಿಸಿದ್ದೆಷ್ಟು, ಅವನು ಕಳಿಸಿದ್ದೆಷ್ಟು ಎಣಿಸಿ. ಫೋನ್ ಮಾಡೋದು ಆಮೇಲೆ.