ಹಕ್ಕಿ ಬಡಿದ ವಿಮಾನ ತಡವಾದರೆ ಪರಿಹಾರ ಸಿಗುವುದೇ? ಬುರ್ಗಾಸ್ ಪ್ರಶ್ನೆಗೆ ಉತ್ತರ

ನಮಸ್ಕಾರ ಮೇಡಂ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನು ನೋಡಿ ಬೆಳೆದ ನನಗೆ ಬಲ್ಗೇರಿಯಾದ ಬುರ್ಗಾಸ್‌ನ ಉಪ್ಪಿನ ಮಡಿಗಳ ಮೇಲೆ ಹಾರುವ ಹೆಜ್ಜಾರ್ಲೆಗಳ, ನಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ನೀವು ಹಾಕಿದ ಚಿತ್ರಗಳು ಬಹಳ ಹಿಡಿಸಿದವು. ಅವುಗಳ ಕೆಳಗೆ ನೀವು ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ನಾನೇ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ. ನೀವು ತಿಳಿಸಿದಂತೆ, ಬುರ್ಗಾಸ್‌ನಿಂದ ಜರ್ಮನಿಯ ಡುಸೆಲ್ಡಾರ್ಫ್‌ಗೆ ನೀವಿಬ್ಬರೂ ಟಿಕೆಟ್ ಪಡೆದ ಮಗುವೂ ಹೊರಟ ವಿಮಾನವು 4 ಗಂಟೆ 10 ನಿಮಿಷ ತಡವಾಗಿ ತಲುಪಿತು. ಆ ವಿಮಾನ ಬುರ್ಗಾಸ್‌ಗೆ ಇಳಿಯುವಾಗ ಹಕ್ಕಿ ಬಡಿದಿತ್ತು, ಆದ್ದರಿಂದ ಪರಿಹಾರ ಕೊಡಲಾಗದು, ಬೇಕಿದ್ದರೆ ಒಂದು ವೋಚರ್ ಕೊಡುತ್ತೇವೆ ಎಂದು ವಿಮಾನ ಕಂಪನಿ ಪತ್ರ ಬರೆದಿದೆ. ಆ ಪತ್ರವನ್ನು ಅಂತಿಮವೆಂದು ಒಪ್ಪಿಕೊಳ್ಳಬೇಡಿ.

ಯುರೋಪಿಯನ್ ಒಕ್ಕೂಟದ 261/2004ನೇ ನಿಯಮ 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ, ನಿಲ್ದಾಣ ಎಷ್ಟೇ ಚಿಕ್ಕದಾಗಿರಲಿ, ಕಂಪನಿ ಯಾವ ದೇಶದ್ದೇ ಆಗಿರಲಿ, ಇದು ಅನ್ವಯಿಸುತ್ತದೆ. 1500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ ತಲೆಗೆ 250 ಯೂರೋ. ಅದಕ್ಕಿಂತ ದೂರದ, ಒಕ್ಕೂಟದ ಒಳಗಿನ ಹಾರಾಟಕ್ಕೆ 400 ಯೂರೋ. ಬುರ್ಗಾಸ್–ಡುಸೆಲ್ಡಾರ್ಫ್ ನಡುವಿನ ದೂರ 1800 ಕಿಲೋಮೀಟರ್ ದಾಟುವುದರಿಂದ ನಿಮ್ಮದು 400ರ ಲೆಕ್ಕ. ಮಗುವಿಗೂ ಟಿಕೆಟ್ ಹಣ ಕೊಟ್ಟಿರುವುದರಿಂದ ಮೂವರಿಗೆ 1200 ಯೂರೋ ಆಗುತ್ತದೆ. ಟಿಕೆಟ್ ಅಗ್ಗದ್ದಾಗಿತ್ತು ಎಂದು ಸಂಕೋಚ ಪಡಬೇಕಾಗಿಲ್ಲ. ಪರಿಹಾರದ ಮೊತ್ತಕ್ಕೂ ಟಿಕೆಟ್ ದರಕ್ಕೂ ಸಂಬಂಧವಿಲ್ಲ.

ವಿಚಿತ್ರವೆಂದರೆ, ತಡವಾದ ವಿಮಾನಕ್ಕೆ ಹಣ ಕೊಡಬೇಕೆಂಬ ಮಾತು ಆ ನಿಯಮದಲ್ಲಿ ನೇರವಾಗಿ ಇಲ್ಲ. ಅದನ್ನು 2009ರ ಸ್ಟರ್ಜನ್ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ ಸ್ಥಾಪಿಸಿತು: ತಲುಪುವಾಗ 3 ಗಂಟೆ ಅಥವಾ ಹೆಚ್ಚು ತಡವಾದರೆ, ರದ್ದಾದ ವಿಮಾನದ ಪ್ರಯಾಣಿಕರಿಗೆ ಸಿಗುವಷ್ಟೇ ಪರಿಹಾರ ಸಿಗಬೇಕು. ತಲುಪಿದ ಸಮಯವೆಂದರೆ ಚಕ್ರ ನೆಲ ಮುಟ್ಟಿದ ಕ್ಷಣವಲ್ಲ, ಪ್ರಯಾಣಿಕರು ಇಳಿಯಲು ಬಾಗಿಲು ತೆರೆದ ಕ್ಷಣ ಎಂದು 2014ರಲ್ಲಿ ಅದೇ ನ್ಯಾಯಾಲಯ ಹೇಳಿತು. ನಿಮ್ಮ ವಿಷಯದಲ್ಲಿ ಈ ಕೆಲವು ನಿಮಿಷಗಳೇ ನಿರ್ಣಾಯಕವಾಗಬಹುದು. ಹೇಗೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಪ್ರಕರಣವೊಂದಿದೆ, ಅದೂ ಬುರ್ಗಾಸ್‌ನದೇ. 2013ರ ಆಗಸ್ಟ್‌ನಲ್ಲಿ ಬುರ್ಗಾಸ್‌ನಿಂದ ಚೆಕ್ ದೇಶದ ಓಸ್ಟ್ರಾವಾಕ್ಕೆ ಹೊರಟ ವಿಮಾನ 5 ಗಂಟೆ 20 ನಿಮಿಷ ತಡವಾಯಿತು. ಅದೇ ವಿಮಾನದ ಹಿಂದಿನ ಹಾರಾಟಗಳಲ್ಲಿ ಮೊದಲು ಒಂದು ಕವಾಟ ಕೆಟ್ಟಿತ್ತು, ಬಳಿಕ ಚೆಕ್ ದೇಶದ ಬ್ರ್ನೋದಲ್ಲಿ ಇಳಿಯುವಾಗ ಹಕ್ಕಿ ಬಡಿಯಿತು. ಅಲ್ಲಿ ಸ್ಥಳೀಯ ಸಂಸ್ಥೆ ವಿಮಾನವನ್ನು ತಪಾಸಣೆ ಮಾಡಿದ್ದರೂ ವಿಮಾನದ ಮಾಲೀಕರು ಒಪ್ಪಲಿಲ್ಲವೆಂದು ಬೇರೆ ಊರಿನಿಂದ ತಂತ್ರಜ್ಞನನ್ನು ಕರೆಸಿ ಮತ್ತೊಮ್ಮೆ ನೋಡಿಸಿದರು. 2017ರ ಮೇ ತಿಂಗಳಲ್ಲಿ ಈ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ ಕೊಟ್ಟ ಪೆಶ್ಕೋವಾ ತೀರ್ಪು ಮೂರು ಮಾತು ಹೇಳಿತು. ಹಕ್ಕಿ ಬಡಿಯುವುದು ಅಸಾಧಾರಣ ಸನ್ನಿವೇಶವೇ ಹೌದು, ಅದಕ್ಕೆ ಕಂಪನಿ ಹೊಣೆಯಲ್ಲ. ಆದರೆ ಅರ್ಹ ತಂತ್ರಜ್ಞರು ಒಮ್ಮೆ ನೋಡಿ ವಿಮಾನ ಹಾರಲು ಯೋಗ್ಯವೆಂದ ಮೇಲೆ ಎರಡನೆಯ ತಪಾಸಣೆಗೆ ಹಿಡಿದ ಸಮಯವನ್ನು ಹಕ್ಕಿಯ ತಲೆಗೆ ಕಟ್ಟುವಂತಿಲ್ಲ. ಎರಡು ಕಾರಣಗಳು ಸೇರಿ ತಡವಾಗಿದ್ದರೆ, ಒಟ್ಟು ವಿಳಂಬದಿಂದ ಅಸಾಧಾರಣ ಕಾರಣದ ಪಾಲನ್ನು ಮಾತ್ರ ಕಳೆಯಬೇಕು. ಉಳಿದದ್ದು 3 ಗಂಟೆ ಅಥವಾ ಹೆಚ್ಚಿದ್ದರೆ ಪರಿಹಾರ ಕೊಡಲೇಬೇಕು.

ಈಗ ನಿಮ್ಮ ಲೆಕ್ಕ ನೋಡೋಣ. ಬುರ್ಗಾಸ್‌ನಲ್ಲಿ ಒಬ್ಬ ತಂತ್ರಜ್ಞ ನೋಡಿದ ಮೇಲೆ ರಾಜಧಾನಿ ಸೋಫಿಯಾದಿಂದ ಇನ್ನೊಬ್ಬರು ಬರುವವರೆಗೆ ಕಾಯಿಸಿದರು ಎಂದು ಸಿಬ್ಬಂದಿ ಹೇಳಿದ್ದಾಗಿ ಬರೆದಿದ್ದೀರಿ. ಮೊದಲ ತಪಾಸಣೆಗೆ ಒಂದು ಗಂಟೆ ಹಿಡಿದಿದ್ದರೆ 3 ಗಂಟೆ 10 ನಿಮಿಷ ಉಳಿಯುತ್ತದೆ, ಹಣ ನಿಮ್ಮದು. ಒಂದೂವರೆ ಗಂಟೆ ಹಿಡಿದಿದ್ದರೆ 2 ಗಂಟೆ 40 ನಿಮಿಷಕ್ಕೆ ಇಳಿಯುತ್ತದೆ, ಹಣ ಇಲ್ಲ. ಹೀಗಾಗಿ ಹಕ್ಕಿ ಬಡಿಯಿತೇ ಇಲ್ಲವೇ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ವಿಯಾ ಪಾಂಟಿಕಾ ಎಂಬ ಹಕ್ಕಿಗಳ ವಲಸೆ ಹಾದಿಯಲ್ಲಿ, ಅಟಾನಾಸೊವ್‌ಸ್ಕೊ ಸರೋವರದ ಮಗ್ಗುಲಲ್ಲೇ ಇರುವ ನಿಲ್ದಾಣದಲ್ಲಿ ಸೆಪ್ಟೆಂಬರ್‌ನಲ್ಲಿ ಹಕ್ಕಿ ಬಡಿಯಿತೆಂದರೆ ನಮ್ಮ ಗುಂಪಿನವರು ಯಾರೂ ಅನುಮಾನಿಸಲಾರರು. ಕಂಪನಿಗೆ ಲಿಖಿತವಾಗಿ ಕೇಳಬೇಕಾದದ್ದು ಇಷ್ಟು: ಯಾವ ಹಾರಾಟದಲ್ಲಿ, ಎಷ್ಟು ಹೊತ್ತಿಗೆ ಬಡಿಯಿತು, ಮೊದಲ ತಪಾಸಣೆ ಯಾವಾಗ ಮುಗಿಯಿತು, ಎರಡನೆಯದು ಏಕೆ ಬೇಕಾಯಿತು. ಅಸಾಧಾರಣ ಸನ್ನಿವೇಶವನ್ನು ಸಾಬೀತು ಮಾಡುವ ಭಾರ ಕಂಪನಿಯ ಮೇಲಿದೆ, ನಿಮ್ಮ ಮೇಲಲ್ಲ.

ಬೋರ್ಡಿಂಗ್ ಪಾಸ್ ಕಳೆದುಹೋಯಿತೆಂಬ ಚಿಂತೆ ಬೇಡ. ದೃಢೀಕೃತ ಬುಕಿಂಗ್ ಇರುವ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸ್ ಇಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು 2019ರಲ್ಲಿ ತೀರ್ಮಾನವಾಗಿದೆ. ಆದರೆ ವೋಚರ್ ಸ್ವೀಕರಿಸಬೇಡಿ. ನೀವು ಸಹಿ ಹಾಕಿ ಒಪ್ಪದ ಹೊರತು ಪರಿಹಾರವನ್ನು ಹಣದ ರೂಪದಲ್ಲೇ ಕೊಡಬೇಕು. ನಿಲ್ದಾಣದಲ್ಲಿ ಸ್ವಂತ ಹಣದಿಂದ ಊಟ ಮಾಡಿದ ರಸೀದಿಗಳಿದ್ದರೆ ಅವನ್ನೂ ಸೇರಿಸಿ, ಏಕೆಂದರೆ ಊಟೋಪಚಾರದ ಹೊಣೆ ಹಕ್ಕಿ ಬಡಿದರೂ ತಪ್ಪುವುದಿಲ್ಲ.

ಕಂಪನಿ ಎರಡು ತಿಂಗಳಲ್ಲಿ ಉತ್ತರಿಸದಿದ್ದರೆ, ಅಥವಾ ಹಳೆಯ ಪತ್ರವನ್ನೇ ಮತ್ತೆ ಕಳುಹಿಸಿದರೆ, ನೀವು ಜರ್ಮನಿಯಲ್ಲಿರುವುದರಿಂದ ಪ್ರಯಾಣಿಕರ ಸಂಧಾನ ಸಂಸ್ಥೆಗೆ ದೂರು ಕೊಡಬಹುದು; ಕಂಪನಿ ಅದರ ಸದಸ್ಯನಲ್ಲದಿದ್ದರೆ ಬಾನ್ ನಗರದ ಫೆಡರಲ್ ನ್ಯಾಯ ಕಚೇರಿಯ ಸಂಧಾನ ವಿಭಾಗವಿದೆ. ಪ್ರಯಾಣಿಕರಿಗೆ ಎರಡೂ ಉಚಿತ. ಪರಿಹಾರ ವಸೂಲಿ ಮಾಡಿಕೊಡುವ ಮಧ್ಯವರ್ತಿ ಕಂಪನಿಗಳು ಬಂದ ಹಣದಲ್ಲಿ ದೊಡ್ಡ ಪಾಲನ್ನೇ ಇಟ್ಟುಕೊಳ್ಳುವುದರಿಂದ ನಾನು ಅವುಗಳ ಕಡೆ ಹೋಗಲಿಲ್ಲ. ನನ್ನದೇ ಒಂದು ಪ್ರಕರಣ ಸಂಧಾನದಲ್ಲಿ ಐದು ತಿಂಗಳು ಎಳೆದಾಡಿದರೂ ಪೂರ್ತಿ ಹಣ ಬಂತು. ಸಂಧಾನವೂ ಆಗದಿದ್ದರೆ ವಿಮಾನ ಹೊರಟ ಅಥವಾ ತಲುಪಿದ ಊರಿನ ನ್ಯಾಯಾಲಯದಲ್ಲಿ ದಾವೆ ಹೂಡಬಹುದು, ಅಂದರೆ ನಿಮಗೆ ಡುಸೆಲ್ಡಾರ್ಫ್‌ನಲ್ಲೇ ಸಾಧ್ಯ. ಜರ್ಮನಿಯಲ್ಲಿ ಕಾಲಮಿತಿ, ಪ್ರಯಾಣ ಮಾಡಿದ ವರ್ಷದ ಕೊನೆಯಿಂದ 3 ವರ್ಷ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗುವ ವಿಚಾರವನ್ನೂ ಕೇಳಿದ್ದೀರಿ. ಡುಸೆಲ್ಡಾರ್ಫ್‌ನಿಂದ ಹೊರಡುವಾಗ ಒಂದೇ ಬುಕಿಂಗ್ ಆಗಿದ್ದರೆ, ದುಬೈನಲ್ಲೋ ಇಸ್ತಾಂಬುಲ್‌ನಲ್ಲೋ ವಿಮಾನ ಬದಲಿಸಿದರೂ ಕೊನೆಯ ನಿಲ್ದಾಣದವರೆಗಿನ ವಿಳಂಬ ಇದೇ ನಿಯಮಕ್ಕೆ ಒಳಪಡುತ್ತದೆ. ಬೆಂಗಳೂರಿನಿಂದ ಮರಳುವಾಗ ಮಾತ್ರ, ವಿಮಾನ ನಡೆಸುವ ಕಂಪನಿ ಯುರೋಪಿಯನ್ ಒಕ್ಕೂಟದ್ದಾಗಿದ್ದರಷ್ಟೇ ಈ ರಕ್ಷಣೆ ಸಿಗುತ್ತದೆ. ಟಿಕೆಟ್ ಕೊಳ್ಳುವ ಮುನ್ನವೇ ಅದನ್ನು ನೋಡಿಕೊಳ್ಳಿ. ಕಂಪನಿಗೆ ಬರೆಯುವ ಪತ್ರದ ಕರಡನ್ನು ಇಲ್ಲಿ ಹಾಕಿದರೆ ಓದಿ ಹೇಳುತ್ತೇನೆ.