ಎಂಟು ಜನಕ್ಕೆ ಒಂದೇ ಆಟ: ಕಾಯುವವರ ಲೆಕ್ಕ ಮೊದಲು

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ದಸರಾ ರಜೆಗೆ ಮನೆಯಲ್ಲಿ ಎಂಟು ಜನ ಸೇರುತ್ತೀರಿ, ಆರು ವರ್ಷದ ಮಗುವಿನಿಂದ ಅಜ್ಜಿಯವರೆಗೆ. ಹೋದ ಸಲ ಕಟಾನ್ ಎಂಬ ಬೋರ್ಡ್ ಗೇಮ್ ತಂದಿರಿ, ಅರ್ಧ ಗಂಟೆಗೆ ಅಜ್ಜಿ ಎದ್ದು ಹೋದರು, ಮಕ್ಕಳು ಮೊಬೈಲ್ ಹಿಡಿದರು. ಈ ಸಲ ಏನು ತರಲಿ ಅಂತ ಕೇಳಿದ್ದೀರಿ.

ಕಟಾನ್ ಕೆಟ್ಟ ಆಟವೇನಲ್ಲ. 1995ರಲ್ಲಿ ಜರ್ಮನಿಯಲ್ಲಿ ಬಂದಿದ್ದು, ನನಗೆ ಇವತ್ತಿಗೂ ಇಷ್ಟ. ಆದರೆ ಮೂಲ ಡಬ್ಬ ಇರುವುದೇ ಮೂರು-ನಾಲ್ಕು ಜನಕ್ಕೆ. ಉಳಿದ ನಾಲ್ವರು ಏನು ಮಾಡಬೇಕು? ಆಟ ತರುವ ಮುಂಚೆ ನಾನು ನೋಡುವುದು ಒಂದೇ: ಸುಮ್ನೆ ಕೂತು ಕಾಯುವವರು ಎಷ್ಟು ಜನ, ಎಷ್ಟು ಹೊತ್ತು? ಕೇರಂ ಕೂಡ ಇಲ್ಲೇ ಸೋಲುತ್ತದೆ. ನಾಲ್ವರ ಕೈ ಓಡುತ್ತದೆ, ನಾಲ್ವರು ಸಲಹೆ ಕೊಡುತ್ತಾರೆ. ಬಿಸಿನೆಸ್ ಆಟ ಅಂತೂ ಬೇಡವೇ ಬೇಡ. ದಿವಾಳಿಯಾದವರು ಉಳಿದ ಒಂದು ಗಂಟೆ ಏನು ಮಾಡಬೇಕು? ಅದೂ ಸಾಮಾನ್ಯವಾಗಿ ಮೊದಲು ದಿವಾಳಿಯಾಗುವುದು ಮನೆಯ ಚಿಕ್ಕ ಮಗುವೇ. ಆಮೇಲೆ ಅಳು.

ನಿಮ್ಮ ಮನೆಗೆ ಎರಡು ಆಟ ಸಾಕು ಅನ್ನಿಸುತ್ತದೆ. ಎರಡಕ್ಕೂ ಖರ್ಚು ಇಲ್ಲವೆಂದೇ ಹೇಳಬಹುದು.

ಒಂದು, ಚೌಕಾಬಾರ. ಗೊತ್ತಿರೋದೇ ಅಲ್ವಾ ಅನ್ನಬೇಡಿ. ಇದನ್ನು ಎಂಟು ಜನ ಆಡುವ ರೀತಿ ಬೇರೆ ಇದೆ. ಒಂದೊಂದು ಬಣ್ಣಕ್ಕೆ ಇಬ್ಬರು ಜೋಡಿ. ಒಬ್ಬರು ಕವಡೆ ಹಾಕುವುದು, ಇನ್ನೊಬ್ಬರು ಕಾಯಿ ನಡೆಸುವುದು. ಮಗುವನ್ನೂ ಅಜ್ಜಿಯನ್ನೂ ಒಂದೇ ಕಡೆ ಹಾಕಿ. ಮಗು ಗರ ಹಾಕುತ್ತದೆ, ಅಜ್ಜಿ ಯಾರನ್ನು ಹೊಡೆಯಬೇಕು ಎಂದು ನೋಡುತ್ತಾರೆ. ನಮ್ಮ ಮನೆಯಲ್ಲಿ ಈ ಜೋಡಿಯನ್ನು ಸೋಲಿಸುವುದು ಕಷ್ಟ.

ಮಣೆ ಐದಕ್ಕೆ ಐದು, 25 ಮನೆ. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿದ ಕಟ್ಟೆ, ಅಲ್ಲಿ ಯಾರೂ ಹೊಡೆಯುವಂತಿಲ್ಲ. ನಾಲ್ಕು ಕವಡೆ. ಬಾಯಿ ಮೇಲಾದವು ಎಷ್ಟೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ, ಎದುರಾಳಿಯ ಕಾಯಿ ಹೊಡೆದರೂ ಅಷ್ಟೇ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ.

ಈಗ ಸಮಯದ ಲೆಕ್ಕ. ಹೊರಸುತ್ತು 15 ಹೆಜ್ಜೆ, ಒಳಸುತ್ತು 8, ಮಧ್ಯಕ್ಕೆ 1. ಒಂದು ಕಾಯಿ ಹಣ್ಣಾಗಲು, ಅಂದರೆ ಮಧ್ಯದ ಮನೆ ಸೇರಲು, 24 ಹೆಜ್ಜೆ. ಒಂದು ಬಣ್ಣದ ನಾಲ್ಕು ಕಾಯಿಗೆ 96. ಕವಡೆ ಎರಡೂ ಬದಿಗೆ ಸಮವಾಗಿ ಬೀಳುತ್ತವೆ ಎಂದುಕೊಂಡರೆ ಒಂದು ಗರಕ್ಕೆ ಸರಾಸರಿ ಎರಡೂವರೆ ಮನೆ. ಅಂದರೆ ಒಂದೇ ಒಂದು ಹೊಡೆತ ತಿನ್ನದಿದ್ದರೂ ಪ್ರತಿ ಜೋಡಿಗೆ ಸುಮಾರು 38 ಗರ ಬೇಕು. ಹೊಡೆತ ತಿಂದರೆ ಕೇಳಲೇಬೇಡಿ. ಊಟಕ್ಕೆ ಮುಂಚೆ ಮುಗಿಯಬೇಕಾದರೆ ಎರಡೆರಡೇ ಕಾಯಿ ಇಟ್ಟು ಶುರು ಮಾಡಿ.

ಕವಡೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲವಾದರೆ ಹುಣಸೆ ಬೀಜ. ದೊಡ್ಡ ನಾಲ್ಕು ಬೀಜ ಆರಿಸಿ, ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ತೇಯಿರಿ. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣಬೇಕು. ಒಣಗಲ್ಲಿನ ಮೇಲೆ ತೇದರೆ ಬೀಜ ಚುರ್ರೆನ್ನುವಷ್ಟು ಬಿಸಿಯಾಗುತ್ತದೆ. ಮಕ್ಕಳು ಅದನ್ನು ಪಕ್ಕದವರ ತೋಳಿಗೆ ತಾಗಿಸದೆ ಬಿಡುವುದಿಲ್ಲ, ನಾವೂ ಬಿಟ್ಟಿರಲಿಲ್ಲ. ಅಜ್ಜಿಗೆ ನೆಲಕ್ಕೆ ಕೂರಲು ಆಗದಿದ್ದರೆ ಊಟದ ಮೇಜಿನ ಮೇಲೆ ಮಣೆ ಇಡಿ. ಕವಡೆಗೆ ಮಾತ್ರ ಅಗಲದ ತಟ್ಟೆಯಲ್ಲಿ ಟವೆಲ್ ಹಾಸಿಕೊಡಿ. ಇಲ್ಲದಿದ್ದರೆ ಅರ್ಧ ಆಟ ಸೋಫಾ ಕೆಳಗೆ ಕವಡೆ ಹುಡುಕುವುದರಲ್ಲೇ ಹೋಗುತ್ತದೆ.

ಶುರು ಮಾಡುವ ಮುಂಚೆ ಜಗಳದ ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂರು ಸಲ ಸಾಲಾಗಿ ಚೌಕ ಬಿದ್ದರೆ ಏನು? ಕಟ್ಟೆ ಅಲ್ಲದ ಮನೆಯಲ್ಲಿ ಒಂದೇ ಬಣ್ಣದ ಎರಡು ಕಾಯಿ ಕೂತರೆ ಹೊಡೆಯಬಹುದೇ? ತವರುಮನೆಯ ನಿಯಮ ಒಂದು, ಗಂಡನ ಮನೆಯದು ಇನ್ನೊಂದು. ಯಾವುದೂ ತಪ್ಪಲ್ಲ.

ಎರಡನೆಯದು ಕೋಡ್‌ನೇಮ್ಸ್. 2015ರಲ್ಲಿ ಬಂದ, ಸುಳಿವು ಕೇಳಿ ಪದ ಊಹಿಸುವ ಆಟ. ಆದರೆ ಡಬ್ಬ ಕೊಳ್ಳಬೇಡಿ, ಅದರಲ್ಲಿರುವುದು ಇಂಗ್ಲಿಷ್ ಪದಗಳು. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಹಿಂದೆ ಕನ್ನಡ ಪದ ಬರೆಯಿರಿ, ಒಂದೊಂದು ಚೀಟಿಗೆ ಒಂದೊಂದು ಪದ. ಇನ್ನೂರು ಆದರೆ ಧಾರಾಳ. 25 ಚೀಟಿಯನ್ನು ಐದೈದು ಸಾಲಿಗೆ ಹರಡಿ. ಎರಡು ತಂಡ. ಪ್ರತಿ ತಂಡದಲ್ಲಿ ಒಬ್ಬರು ಸುಳಿವು ಕೊಡುವವರು, ಅವರಿಬ್ಬರಿಗೆ ಮಾತ್ರ ಕಾಣುವ ಹಾಗೆ ಒಂದು ನಕ್ಷೆ: 9 ಮನೆ ಮೊದಲು ಆಡುವ ತಂಡದ್ದು, 8 ಇನ್ನೊಂದು ತಂಡದ್ದು, 7 ಖಾಲಿ, 1 ಕಪ್ಪು. ಸುಳಿವು ಒಂದು ಪದ, ಒಂದು ಸಂಖ್ಯೆ, ಅಷ್ಟೇ. ಆ ಸುಳಿವಿಗೆ ಹೊಂದುವ ಚೀಟಿ ಎಷ್ಟು ಎಂಬುದೇ ಸಂಖ್ಯೆ, ತಂಡದ ಉಳಿದವರು ಅವನ್ನು ಊಹಿಸಿ ಮುಟ್ಟಬೇಕು. ತಮ್ಮ ತಂಡದ ಪದಗಳನ್ನೆಲ್ಲ ಮೊದಲು ಮುಟ್ಟಿದವರು ಗೆದ್ದರು. ಕಪ್ಪು ಮುಟ್ಟಿದವರು ಅಲ್ಲೇ ಸೋತರು.

ಕನ್ನಡದಲ್ಲಿ ಈ ಆಟ ಎಷ್ಟು ಚೆನ್ನಾಗಿ ಕೂರುತ್ತದೆ ಎಂದರೆ, ಎರಡು ಅರ್ಥದ ಪದಗಳಿಗೆ ನಮ್ಮಲ್ಲಿ ಬರವೇ ಇಲ್ಲ. ಕಾಡು, ನೆರೆ, ಹತ್ತು, ಏಳು, ಆರು, ಕಾಲು, ಅಡಿ, ತೊಡೆ, ಹುರಿ. ಒಮ್ಮೆ ನಮ್ಮ ಅತ್ತೆ 'ಅಡುಗೆಮನೆ, ಮೂರು' ಎಂದರು. ಕರಿ ಮುಟ್ಟಿದೆವು, ಸರಿ. ಹುರಿ ಮುಟ್ಟಿದೆವು, ಸರಿ. ಮೂರನೆಯದಕ್ಕೆ ಕೊಡ ಮುಟ್ಟಿದೆವು, ಅದೇ ಕಪ್ಪು. ಅವರ ಮನಸ್ಸಿನಲ್ಲಿ ಇದ್ದದ್ದು 'ಅರೆ'. ನಾವೆಲ್ಲ ಅದನ್ನು ಅರ್ಧ ಎಂದೇ ಓದಿಕೊಂಡಿದ್ದೆವು. "ಮಿಕ್ಸಿ ಬಂದ ಮೇಲೆ ಅರೆಯೋದು ಯಾರಿಗೆ ನೆನಪಿರುತ್ತೆ" ಎಂದು ಅತ್ತೆ ಆ ರಾತ್ರಿಯೆಲ್ಲ ಅಂದರು.

ಆರು ವರ್ಷದ ಮಗುವಿಗೆ ಓದಲು ತೊಡಕಾದರೆ ಹತ್ತಿಪ್ಪತ್ತು ಚೀಟಿಯಲ್ಲಿ ಚಿತ್ರ ಬರೆದುಬಿಡಿ.

ಮಧ್ಯಾಹ್ನ ಇಬ್ಬರೇ ಎಚ್ಚರವಾಗಿರುವ ಹೊತ್ತಿಗೆ ಅಳಗುಳಿಮಣೆ ಇರಲಿ, ಮನೆಯ ಅಟ್ಟದಲ್ಲಿ ಇದ್ದರೆ ಇಳಿಸಿ. ಒಂದು ಎಚ್ಚರಿಕೆ: ಹಳೆಯ ಮಣೆಗಳ ಜೊತೆ ಗುಲಗಂಜಿ ಇರುತ್ತದೆ. ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಕಡುವಿಷ. ಚಿಕ್ಕ ಮಗು ಇರುವ ಮನೆಯಲ್ಲಿ ಅದನ್ನು ತೆಗೆದು ಹುಣಸೆ ಬೀಜ ಹಾಕಿ. ನೀವು ಕರಾವಳಿಯವರಾದರೆ ಚೆನ್ನೆಮಣೆ ಎನ್ನುತ್ತೀರಿ, ಅಕ್ಕ-ತಂಗಿ ಎದುರುಬದುರು ಕೂರಬಾರದು ಎಂದು ಅಜ್ಜಿ ತಡೆದರೂ ತಡೆಯಬಹುದು. ತುಳುವಿನ ಹಾಡುಗತೆ ಸಿರಿ ಪಾಡ್ದನದ ಅಬ್ಬಗ-ದಾರಗ ಅವಳಿ ಸಹೋದರಿಯರು ಚೆನ್ನೆಯಾಡುತ್ತಲೇ ಜಗಳವಾಡಿದ್ದು. ಕತೆ ಅಜ್ಜಿಯಿಂದಲೇ ಹೇಳಿಸಿ, ಆಟಕ್ಕಿಂತ ಅದೇ ಚೆನ್ನಾಗಿರುತ್ತದೆ.

ರಜೆಯಲ್ಲಿ ಮೈಸೂರಿಗೆ ಹೋಗುವವರಿದ್ದರೆ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಬಗ್ಗೆ ವಿಚಾರಿಸಿ, ಅವರು ಹಳೆಯ ಆಟಗಳ ಪ್ರದರ್ಶನ ನಡೆಸುತ್ತಾ ಬಂದವರು. ಬಟ್ಟೆಯ ಮೇಲೆ ಕಸೂತಿ ಮಾಡಿದ ಚೌಕಾಬಾರ ಎಲ್ಲಾದರೂ ಕಂಡರೆ ತಗೊಳ್ಳಿ. ಮಡಚಿ ಕೈಚೀಲದಲ್ಲಿ ಇಟ್ಟುಕೊಂಡು ರೈಲಿನಲ್ಲೂ ಆಡಬಹುದು.

ಕೋಡ್‌ನೇಮ್ಸ್‌ಗೆ ನಾವು ಬರೆದ ಪದಗಳ ಪಟ್ಟಿ ಬೇಕಿದ್ದರೆ ಹೇಳಿ, ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.