ರುಮಟಾಯ್ಡ್ ಸಂಧಿವಾತದ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದೇಕೆ?

ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡಿ ಊತ, ನೋವು ತರುವ ಕಾಯಿಲೆ, ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿದೆಯೇ ಎಂದು ಕೇಳಿದ್ದೀರಿ. ಇಲ್ಲ. ಸಾಮಾನ್ಯವಾಗಿ ವಯಸ್ಕರಲ್ಲಿ ಶೇ. 0.5ರಿಂದ 1ರಷ್ಟು ಮಂದಿಗೆ ಈ ಕಾಯಿಲೆ ಇರುತ್ತದೆ ಎನ್ನುತ್ತಾರಾದರೂ, ಅಮೆರಿಕದ ಅರಿಜೋನಾದ ಪೀಮಾ ಮೂಲನಿವಾಸಿಗಳಲ್ಲಿ ಅದು ಶೇ. 5ರ ಆಸುಪಾಸಿನಲ್ಲಿತ್ತು, ಗ್ರಾಮೀಣ ನೈಜೀರಿಯಾದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಒಬ್ಬ ರೋಗಿಯೂ ಸಿಗಲಿಲ್ಲ.

ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳು ಅಪಾಯವನ್ನು ಹೆಚ್ಚಿಸುತ್ತವೆ, ಮತ್ತು ಅವು ಎಲ್ಲ ಜನಸಮುದಾಯಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಆದರೆ ವಂಶವಾಹಿಯೊಂದೇ ಕಾರಣವೆನ್ನಲಾಗದು. ಪೀಮಾ ಜನರಲ್ಲೇ 1965ರಿಂದ 1990ರ ನಡುವೆ ಹೊಸ ರೋಗಿಗಳ ಪ್ರಮಾಣ ಇಳಿಯುತ್ತ ಬಂದಿತು. ಅಷ್ಟು ಕಡಿಮೆ ಅವಧಿಯಲ್ಲಿ ಜೀನುಗಳು ಬದಲಾಗುವುದಿಲ್ಲವಾದ್ದರಿಂದ, ಜೀವನಕ್ರಮ ಹಾಗೂ ಪರಿಸರದ ಪಾತ್ರವನ್ನು ಒಪ್ಪಲೇಬೇಕು. ಧೂಮಪಾನ ಮತ್ತು ಕಲ್ಲುಗಣಿಗಳಲ್ಲಿ ಏಳುವ ಸಿಲಿಕಾ ದೂಳು ಇವುಗಳಲ್ಲಿ ಚೆನ್ನಾಗಿ ಸಾಬೀತಾದವು.

ಭಾರತದಲ್ಲಿ, ದೆಹಲಿ ಸಮೀಪದ ಹಳ್ಳಿಗಳ ಸಮೀಕ್ಷೆಯೊಂದು 1993ರಲ್ಲಿ ವಯಸ್ಕರಲ್ಲಿ ಶೇ. 0.75 ಎಂದು ಅಂದಾಜಿಸಿತು. ಮನೆಮನೆಗೆ ಹೋಗಿ ಮಾಡಿದ ಇಂಥ ಎಣಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ. ನಮ್ಮ ಕಡೆ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ ಒಂದು ಗಂಟೆಯಾದರೂ ರೊಟ್ಟಿ ತಟ್ಟಲಾಗದ ಹೆಂಗಸು, ಅದನ್ನು ವಾಯುವೆಂದೋ ವಯಸ್ಸೆಂದೋ ತಿಳಿದು ಎಣ್ಣೆ ಹಚ್ಚಿಕೊಂಡು ಸುಮ್ಮನಾದರೆ, ಆಸ್ಪತ್ರೆಯ ಲೆಕ್ಕಕ್ಕೆ ಆಕೆ ಬರುವುದೇ ಇಲ್ಲ. ಈ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಹಿಳೆಯರೇ ಆಗಿರುವಾಗ, ಹೀಗೆ ಬಿಟ್ಟುಹೋಗುವ ಸಂಖ್ಯೆ ಸಣ್ಣದಲ್ಲ.